ಭೂತಾನ್‌ಗೆ ಹೊರಟಿದ್ದೀರಾ? ಬೆಂಗಳೂರಿನವರಿಗೆ ಪರ್ಮಿಟ್‌ನಿಂದ ಪಾರೋವರೆಗೆ ಒಂದು ಮಾರ್ಗದರ್ಶಿ

ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಮೂರು. ವೀಸಾ ಬೇಡವಂತೆ, ಹಾಗಾದರೆ ಆಧಾರ್ ಕಾರ್ಡ್ ಹಿಡಿದು ಹೋದರೆ ಸಾಕೇ? ರಾತ್ರಿಗೆ ಸಾವಿರದಿನ್ನೂರು ಕಟ್ಟಬೇಕಂತೆ, ತಪ್ಪಿಸಿಕೊಳ್ಳಲು ದಾರಿ ಇದೆಯೇ? ಪ್ಯಾಕೇಜ್ ತೆಗೆದುಕೊಳ್ಳದೆ ಹೋದರೆ ಒಳಗೆ ಬಿಡುತ್ತಾರೆಯೇ?

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಆಧಾರ್ ನಡೆಯುವುದಿಲ್ಲ. ಶುಲ್ಕ ತಪ್ಪಿಸಲು ಕಾನೂನಿನ ದಾರಿ ಯಾವುದೂ ಇಲ್ಲ. ಪ್ಯಾಕೇಜ್ ಕಡ್ಡಾಯವಲ್ಲ, ನೀವೇ ಎಲ್ಲವನ್ನೂ ಮಾಡಿಕೊಂಡು ಹೋಗಬಹುದು.

ಭೂತಾನ್ ಹೊರಗಿನ ಪ್ರವಾಸಿಗರಿಗೆ ಬಾಗಿಲು ತೆರೆದದ್ದು 1974ರಲ್ಲಿ, ನಾಲ್ಕನೇ ರಾಜರ ಪಟ್ಟಾಭಿಷೇಕದ ವರ್ಷ. ಅಂದಿನಿಂದಲೂ ಜನ ಕಡಿಮೆ ಬರಲಿ, ಬಂದವರಿಂದ ದೇಶಕ್ಕೆ ಒಳ್ಳೆಯ ಆದಾಯ ಬರಲಿ ಎಂಬುದೇ ಅವರ ನೀತಿ. ಬಹಳ ಕಾಲ ಭಾರತೀಯರಿಗೆ ಈ ನಿರ್ಬಂಧದಿಂದ ವಿನಾಯಿತಿ ಇತ್ತು. ಕೋವಿಡ್ ಬಳಿಕ 2022ರ ಸೆಪ್ಟೆಂಬರ್ 23ರಂದು ಗಡಿ ಮತ್ತೆ ತೆರೆದಾಗಿನಿಂದ ನಾವೂ ಶುಲ್ಕ ಕಟ್ಟುತ್ತಿದ್ದೇವೆ. ಅದು ರಾತ್ರಿಗೆ ಇಷ್ಟು ಎಂಬ ಲೆಕ್ಕ. ನೀವು ಒಂದೇ ಕಣಿವೆಯಲ್ಲಿ ಕುಳಿತರೂ ಅಷ್ಟೇ, ದಿನಕ್ಕೊಂದು ಊರು ಓಡಿದರೂ ಅಷ್ಟೇ. ಓಡಾಟ ಕಡಿಮೆ ಮಾಡಿ, ಎರಡು ಮೂರು ಕಡೆ ನಿಂತು ನೋಡಿ ಎಂಬುದು ನಮ್ಮ ಸಲಹೆ. ಕೆಳಗಿನ ಹಂತಗಳನ್ನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇವೆ.

1. ದಾಖಲೆ ಸರಿಮಾಡಿಕೊಳ್ಳಿ (ಹೊರಡುವ ಎರಡು ತಿಂಗಳ ಮುಂಚೆ)

ಭಾರತೀಯರಿಗೆ ನಡೆಯುವ ಗುರುತಿನ ದಾಖಲೆ ಎರಡೇ: ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಯಾವುದೂ ಲೆಕ್ಕಕ್ಕಿಲ್ಲ. ಮೂಲ ಚೀಟಿಯೇ ಕೈಯಲ್ಲಿರಲಿ. ಜೆರಾಕ್ಸ್ ಅಥವಾ ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಚ್ಚಾಗಿ ಹೆಸರಿನ ವಿಷಯದಲ್ಲಿ. ವೋಟರ್ ಐಡಿಯಲ್ಲಿ ‘ರಮೇಶ ಕೆ.’ ಎಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಸೇರಿರುತ್ತದೆ, ವಿಮಾನದ ಟಿಕೆಟ್ ಬುಕ್ ಮಾಡುವಾಗ ಸರ್‌ನೇಮ್ ಜಾಗ ಖಾಲಿ ಬಿಡಲಾಗದೆ ಏನೋ ಒಂದು ತುಂಬಿರುತ್ತೀರಿ. ಪರ್ಮಿಟ್ ಅರ್ಜಿ, ಹೋಟೆಲ್ ಬುಕಿಂಗ್, ಟಿಕೆಟ್ ಮೂರರಲ್ಲೂ ಒಂದೇ ದಾಖಲೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೆಯೇ ಬರೆಯಿರಿ. ವೋಟರ್ ಐಡಿಯಲ್ಲಿ ತಪ್ಪಿದ್ದರೆ ತಿದ್ದುಪಡಿಗೆ ಫಾರ್ಮ್ 8 ಇದೆ, ಆದರೆ ಕೈಗೆ ಹೊಸ ಚೀಟಿ ಬರಲು ಸಮಯ ಹಿಡಿಯುತ್ತದೆ. ಪಾಸ್‌ಪೋರ್ಟ್ ಇದ್ದರೆ ಅದನ್ನೇ ಬಳಸುವುದು ಸುಲಭ.

18 ವರ್ಷದೊಳಗಿನ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲವೇ ಇಂಗ್ಲಿಷ್‌ನಲ್ಲಿರುವ ಜನನ ಪ್ರಮಾಣಪತ್ರ ಬೇಕು, ಜೊತೆಗೆ ತಂದೆತಾಯಿ ಅಥವಾ ಪೋಷಕರು ಇರಬೇಕು. ಶಾಲೆಯ ಐಡಿ ಕಾರ್ಡ್ ನಡೆಯುವುದಿಲ್ಲ. ಹಳೆಯ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಎರಡೂ ಭಾಷೆಯಲ್ಲಿರುವ ಹೊಸ ಪ್ರತಿ ತೆಗೆಸಿಕೊಳ್ಳಿ. ರಾಜ್ಯದ ಇ-ಜನ್ಮ ವ್ಯವಸ್ಥೆ ಇರುವುದೇ ಇದಕ್ಕೆ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಭಾರತೀಯರು, ಮಗು ಹುಟ್ಟಿದ್ದು ಅಮೆರಿಕದಲ್ಲಿ. ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಭೂತಾನ್ ಆ ಮಗುವನ್ನು ವಿದೇಶಿ ಎಂದೇ ಎಣಿಸುತ್ತದೆ. ಅದಕ್ಕೆ ಪರ್ಮಿಟ್ ಅಲ್ಲ, ವೀಸಾ ಬೇಕು. ಶುಲ್ಕವೂ ಡಾಲರ್ ಲೆಕ್ಕದಲ್ಲಿ. ಗಡಿಗೆ ಹೋಗಿ ಇದನ್ನು ತಿಳಿದುಕೊಂಡರೆ ಇಡೀ ಪ್ರವಾಸ ಅಲ್ಲೇ ನಿಲ್ಲುತ್ತದೆ.

2. ಶುಲ್ಕದ ಲೆಕ್ಕ ಹಾಕಿ

ಇದರ ಹೆಸರು ಸುಸ್ಥಿರ ಅಭಿವೃದ್ಧಿ ಶುಲ್ಕ. ಎಲ್ಲರೂ ‘ಎಸ್‌ಡಿಎಫ್’ ಎನ್ನುತ್ತಾರೆ. ಹೋಟೆಲ್, ಊಟ, ಗಾಡಿ ಇದರಲ್ಲಿ ಸೇರಿಲ್ಲ. ಇದು ನೇರವಾಗಿ ಸರ್ಕಾರಕ್ಕೆ ಹೋಗುವ ಹಣ.

ಭಾರತೀಯ ವಯಸ್ಕರಿಗೆ ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅಂದರೆ 600. ಆರು ತುಂಬದ ಮಕ್ಕಳಿಗೆ ಇಲ್ಲ. ವಿದೇಶಿ ಪಾಸ್‌ಪೋರ್ಟ್ ಇರುವ ವಯಸ್ಕರಿಗೆ ರಾತ್ರಿಗೆ 100 ಡಾಲರ್, ವೀಸಾ ಶುಲ್ಕ ಬೇರೆ.

ಗಂಡ, ಹೆಂಡತಿ, ಎಂಟು ವರ್ಷದ ಮಗಳು ಐದು ರಾತ್ರಿ ಇದ್ದರೆ: ದೊಡ್ಡವರಿಬ್ಬರಿಗೆ 12,000, ಮಗುವಿಗೆ 3,000, ಒಟ್ಟು 15,000 ರೂಪಾಯಿ. ಯಾರಾದರೂ ಏಜೆಂಟ್ ಕೊಟ್ಟ ಪ್ಯಾಕೇಜ್ ದರ ಇದಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಅದರಲ್ಲಿ ಎಸ್‌ಡಿಎಫ್ ಸೇರಿಲ್ಲ ಎಂದೇ ತಿಳಿಯಿರಿ. ‘ಎಸ್‌ಡಿಎಫ್ ಸೇರಿ’ ಎಂದು ಬರಹದಲ್ಲಿ ಪಡೆಯಿರಿ, ಕಟ್ಟಿದ ರಸೀದಿ ಕೇಳಿ. ದರಗಳನ್ನು ಅಲ್ಲಿನ ಸರ್ಕಾರ ಆಗಾಗ ಪರಿಷ್ಕರಿಸುವುದುಂಟು; ಅರ್ಜಿ ಹಾಕುವ ದಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ನಿಮ್ಮದೇ ಕಾರಿನಲ್ಲಿ ಹೋಗುವ ಆಸೆ ಇದ್ದರೆ ಇನ್ನೊಂದು ಲೆಕ್ಕವಿದೆ. ಭಾರತದ ನೋಂದಣಿಯ ಕಾರು ಗಡಿಪಟ್ಟಣ ದಾಟಿ ಒಳಗೆ ಹೋಗಲು ದಿನಕ್ಕೆ 4,500 ರೂಪಾಯಿ ಕಟ್ಟಬೇಕು. ಕೆಎ ನಂಬರಿನ ಗಾಡಿಯನ್ನು ಅಷ್ಟು ದೂರ ಓಡಿಸಿಕೊಂಡು ಹೋಗಿ ಈ ಹಣವನ್ನೂ ತೆರುವ ಬದಲು, ಗಾಡಿ ಗಡಿಯಲ್ಲಿ ಬಿಟ್ಟು ಅಲ್ಲಿನ ಟ್ಯಾಕ್ಸಿ ಹಿಡಿಯುವುದೇ ಲೇಸು. ಘಾಟಿಯ ರಸ್ತೆ ಅವರಿಗೆ ಅಂಗೈಗೆರೆಯಷ್ಟು ಗೊತ್ತು.

3. ಪರ್ಮಿಟ್ ತೆಗೆಯಿರಿ

ವೀಸಾ ಇಲ್ಲದಿದ್ದರೂ ಭಾರತೀಯರಿಗೆ ಪ್ರವೇಶ ಪರ್ಮಿಟ್ ಬೇಕೇಬೇಕು. ವಲಸೆ ಇಲಾಖೆಯ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ಹೋಟೆಲ್ ಅಥವಾ ಭೂತಾನ್‌ನ ಪ್ರವಾಸ ಸಂಸ್ಥೆಯ ಮೂಲಕ ಹಾಕಿಸಬಹುದು, ಇಲ್ಲವೇ ಗಡಿಯಲ್ಲೇ ಪಡೆಯಬಹುದು. ಮೊದಲ ದಾರಿಯೇ ಒಳ್ಳೆಯದು. ಹಬ್ಬದ ಸೀಸನ್‌ನಲ್ಲಿ, ದಸರಾ ರಜೆಯಲ್ಲಿ ಗಡಿಯ ಕೌಂಟರ್ ಮುಂದೆ ಅರ್ಧ ದಿನ ನಿಲ್ಲುವುದು ತಪ್ಪುತ್ತದೆ. ಹೊರಡುವ ಎರಡು ಮೂರು ವಾರ ಮೊದಲು ಅರ್ಜಿ ಹಾಕಿ.

ಬೇಕಾಗುವುದು: ಗುರುತಿನ ದಾಖಲೆಯ ಸ್ಪಷ್ಟ ಸ್ಕ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಹೋಟೆಲ್ ಬುಕಿಂಗ್, ಯಾವ ದಿನ ಎಲ್ಲಿ ಉಳಿಯುತ್ತೀರಿ ಎಂಬ ಪಟ್ಟಿ. ಫೋನಿನಲ್ಲಿ ಓರೆಯಾಗಿ ತೆಗೆದ, ಪ್ಲಾಸ್ಟಿಕ್ ಹೊಳಪು ಹೊಡೆಯುವ ಚಿತ್ರ ಹಾಕಬೇಡಿ. ಹೋಟೆಲ್ ಅಥವಾ ಹೋಂಸ್ಟೇಗೆ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಮಾನ್ಯತೆ ಇರಬೇಕು. ಬುಕ್ ಮಾಡುವ ಮೊದಲೇ ಕೇಳಿ.

ಹೆಚ್ಚು ಎಡವುವುದು ಊರುಗಳ ಪಟ್ಟಿಯಲ್ಲಿ. ಥಿಂಫು, ಪಾರೋ ಎರಡನ್ನೇ ಬರೆದು, ಅಲ್ಲಿ ಹೋದ ಮೇಲೆ ಪುನಾಖಾಕ್ಕೂ ಹೋಗೋಣ ಎಂದರೆ ದಾರಿಯಲ್ಲಿ ಹೊಂಗ್‌ತ್ಸೊ ತಪಾಸಣಾ ಠಾಣೆಯಲ್ಲಿ ತಡೆಯುತ್ತಾರೆ. ಹೋಗಬಹುದಾದ ಊರುಗಳನ್ನೆಲ್ಲ ಮೊದಲೇ ನಮೂದಿಸಿ. ಥಿಂಫು, ಪಾರೋ ದಾಟಿದರೆ ಪರವಾನಗಿ ಇರುವ ಗೈಡ್ ಜೊತೆಗಿರಬೇಕು ಎಂಬುದನ್ನೂ ಮರೆಯಬೇಡಿ. ಗೈಡ್ ಬೇಡದ ಖರ್ಚು ಎಂದುಕೊಳ್ಳುವವರಿದ್ದಾರೆ. ಝೋಂಗ್‌ಗಳ ಒಳಗೆ, ಅಂದರೆ ಅರ್ಧ ಆಡಳಿತ ಕಚೇರಿ, ಅರ್ಧ ಮಠವಾಗಿರುವ ಆ ಕೋಟೆಗಳಲ್ಲಿ, ಗೋಡೆಯ ಚಿತ್ರವೊಂದನ್ನು ವಿವರಿಸಲು ಯಾರೂ ಇಲ್ಲದಿದ್ದರೆ ನೀವು ಬಣ್ಣ ನೋಡಿ ಬರುತ್ತೀರಿ, ಅಷ್ಟೇ.

ಗಡಿಯ ಭಾರತದ ಕಡೆಯ ಪಟ್ಟಣ ಜೈಗಾಂವ್‌ನ ಬೀದಿಯಲ್ಲಿ ‘ಶುಲ್ಕ ಇಲ್ಲದೆ ಒಳಗೆ ಕಳಿಸುತ್ತೇವೆ’ ಎನ್ನುವವರು ಸಿಕ್ಕರೆ ಮಾತಿಗೇ ನಿಲ್ಲಬೇಡಿ. ಭೂತಾನ್ ಕಡೆಯ ಗಡಿಪಟ್ಟಣ ಫುಂಟ್‌ಶೋಲಿಂಗ್‌ನಲ್ಲಿ ಹಗಲು ಸುತ್ತಾಡಿ ಬರಲು ಅವಕಾಶವಿರುವುದು ನಿಜ. ಆದರೆ ಪಟ್ಟಣದ ಮೇಲ್ಗಡೆಯ ರಿಂಚೆಂದಿಂಗ್ ಠಾಣೆಯಲ್ಲಿ ಪ್ರತಿ ಗಾಡಿಯನ್ನೂ ತಡೆದು ಪರ್ಮಿಟ್ ನೋಡುತ್ತಾರೆ. ಹೊರಬರುವಾಗಲೂ ನೋಡುತ್ತಾರೆ. ದಿನ ಹೆಚ್ಚಿಸಬೇಕೆನಿಸಿದರೆ ಅವಧಿ ಮುಗಿಯುವ ಮೊದಲೇ ಥಿಂಫುವಿನ ವಲಸೆ ಕಚೇರಿಗೆ ಹೋಗಿ ವಿಸ್ತರಿಸಿಕೊಳ್ಳಿ.

4. ದಾರಿ ಆರಿಸಿ

ವಿಮಾನದಲ್ಲಾದರೆ ಕೋಲ್ಕತ್ತಾ, ದೆಹಲಿ, ಗುವಾಹಟಿ ಅಥವಾ ಬಾಗ್‌ಡೋಗ್ರಾದಿಂದ ಪಾರೋಗೆ. ಡ್ರುಕ್ ಏರ್ ಮತ್ತು ಭೂತಾನ್ ಏರ್‌ಲೈನ್ಸ್ ಅಲ್ಲಿಗೆ ಹಾರುತ್ತವೆ. ಪಾರೋದ ರನ್‌ವೇ ಕಿರಿದಾದ ಕಣಿವೆಯ ನಡುವೆ ಇದೆ. ವಿಶೇಷ ತರಬೇತಿ ಪಡೆದ ಪೈಲಟ್‌ಗಳು ಮಾತ್ರ, ಹಗಲು ಬೆಳಕಿನಲ್ಲಿ, ಕಣ್ಣಿಗೆ ದಾರಿ ಕಾಣುವಾಗ ಇಳಿಸುತ್ತಾರೆ. ಮೋಡ ಮುಚ್ಚಿದರೆ ವಿಮಾನ ತಡವಾಗುತ್ತದೆ, ಮಳೆಗಾಲದಲ್ಲಿ ರದ್ದೂ ಆಗುತ್ತದೆ. ಬೆಂಗಳೂರಿನಿಂದ ಕೋಲ್ಕತ್ತಾ ಒಂದು ಟಿಕೆಟ್, ಅಲ್ಲಿಂದ ಪಾರೋ ಇನ್ನೊಂದು ಟಿಕೆಟ್ ಎಂದು ತೆಗೆದರೆ ಲಗೇಜ್ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಒಂದು ತಪ್ಪಿದರೆ ಇನ್ನೊಂದರವರು ಹೊಣೆಯಾಗುವುದಿಲ್ಲ. ನಡುವೆ ಒಂದು ರಾತ್ರಿ ಬಿಡಿ, ಹಿಂದಿರುಗುವಾಗಲೂ ಅಷ್ಟೇ. ದೆಹಲಿಯಿಂದ ಹೋಗುವವರು ಎಡಗಡೆಯ ಕಿಟಕಿ ಕೇಳಿ ಪಡೆಯಿರಿ, ಹಿಮಾಲಯ ಆ ಬದಿಗೆ ಕಾಣುತ್ತದೆ.

ನೆಲದ ದಾರಿ ಅಗ್ಗ. ಬೆಂಗಳೂರಿನಿಂದ ಬಾಗ್‌ಡೋಗ್ರಾಗೆ ಹಾರಿ, ಅಲ್ಲಿಂದ ಚಹಾ ತೋಟಗಳ ನಡುವೆ ಹಾಸಿಮಾರಾ ಮೂಲಕ ಜೈಗಾಂವ್‌ಗೆ ಟ್ಯಾಕ್ಸಿಯಲ್ಲಿ ನಾಲ್ಕೈದು ಗಂಟೆ. ರೈಲಿನಲ್ಲಾದರೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ನ್ಯೂ ಜಲ್‌ಪೈಗುರಿಗೆ ಸುಮಾರು ಎರಡು ದಿನ. ಸಂಜೆ ಜೈಗಾಂವ್ ತಲುಪಿ ಭಾರತದ ಕಡೆಯೇ ಮಲಗಿ, ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ಫುಂಟ್‌ಶೋಲಿಂಗ್‌ನ ವಲಸೆ ಕಚೇರಿಗೆ ಹೋಗಿ. ಥಿಂಫುವರೆಗಿನ ಐದಾರು ಗಂಟೆಯ ಘಾಟಿ ರಸ್ತೆ ಹಗಲಲ್ಲೇ ಮುಗಿಯುತ್ತದೆ. ಆ ರಸ್ತೆಯಲ್ಲಿ ಮಧ್ಯಾಹ್ನದ ಮೇಲೆ ಮಂಜು ಇಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗುಡ್ಡ ಕುಸಿತದ ಭಯವಿದೆ. ಆ ತಿಂಗಳುಗಳನ್ನು ಬಿಟ್ಟುಬಿಡಿ. ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ.

5. ದುಡ್ಡು, ಸಿಮ್

ಭೂತಾನ್‌ನ ಙುಲ್ಟ್ರಮ್ ಮತ್ತು ನಮ್ಮ ರೂಪಾಯಿ ಸರಿಸಮ. ರೂಪಾಯಿಯನ್ನು ಅಂಗಡಿಗಳಲ್ಲಿ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಙುಲ್ಟ್ರಮ್‌ನಲ್ಲಿ ಬರುತ್ತದೆ. ಭಾರತದಿಂದ 100 ರೂಪಾಯಿವರೆಗಿನ ನೋಟುಗಳನ್ನು ಎಷ್ಟಾದರೂ ಒಯ್ಯಬಹುದು, ಅದಕ್ಕಿಂತ ದೊಡ್ಡ ನೋಟುಗಳು ಒಟ್ಟು 25,000 ರೂಪಾಯಿ ಮೀರಬಾರದು. 2021ರಿಂದ ಭೀಮ್ ಯುಪಿಐ ಅಲ್ಲಿ ಕಾಲಿಟ್ಟಿದೆ, ಆದರೆ ದರ್ಶಿನಿಯಲ್ಲಿ ಹತ್ತು ರೂಪಾಯಿ ಕಾಫಿಗೂ ಸ್ಕ್ಯಾನ್ ಮಾಡುವ ಅಭ್ಯಾಸ ಅಲ್ಲಿ ನಡೆಯದು; ನಗದು ಇರಲಿ. ಸಿಮ್‌ಗೆ ಬಿ-ಮೊಬೈಲ್ ಅಥವಾ ತಾಶಿಸೆಲ್. ಗಡಿಯಾರ ಅರ್ಧ ಗಂಟೆ ಮುಂದಿಡಿ. ಬೀಡಿ, ಸಿಗರೇಟು, ತಂಬಾಕು ಒಯ್ಯುವವರು ಕಸ್ಟಮ್ಸ್‌ನಲ್ಲಿ ಘೋಷಿಸಿ ರಸೀದಿ ಇಟ್ಟುಕೊಳ್ಳಬೇಕು. ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ.

6. ದಿನ ಹಂಚಿಕೊಳ್ಳಿ

ಆರು ರಾತ್ರಿ ಇದ್ದರೆ ಥಿಂಫು ಎರಡು, ಪುನಾಖಾ ಅಥವಾ ಫೋಬ್ಜಿಖಾ ಎರಡು, ಪಾರೋ ಎರಡು. ಇದಕ್ಕೆ ಮಧ್ಯ ಭೂತಾನ್‌ನ ಬುಮ್‌ಥಾಂಗ್ ಸೇರಿಸುವ ಆಸೆಗೆ ಬಿದ್ದರೆ ಎರಡು ದಿನ ಗಾಡಿಯಲ್ಲೇ ಕಳೆಯುತ್ತೀರಿ.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಥಿಂಫು 2,300 ಮೀಟರ್ ದಾಟುತ್ತದೆ. ಮೊದಲ ದಿನ ತಲೆ ಭಾರವಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ. ನೀರು ಹೆಚ್ಚು ಕುಡಿಯಿರಿ, ಮದ್ಯ ಬೇಡ. 3,988 ಮೀಟರ್ ಎತ್ತರದ ಚೆಲೆ ಲಾ ಕಣಿವೆದಾರಿಯನ್ನೂ, ತಕ್‌ತ್ಸಾಂಗ್ ಚಾರಣವನ್ನೂ ಕೊನೆಯ ದಿನಗಳಿಗೆ ಇಡಿ.

ತಕ್‌ತ್ಸಾಂಗ್ ಎಂದರೆ ಪಾರೋದ ಬಂಡೆಯಂಚಿನ ‘ಹುಲಿಗೂಡು’ ಮಠ, 3,120 ಮೀಟರ್ ಎತ್ತರದಲ್ಲಿದೆ. ಗುರು ಪದ್ಮಸಂಭವರು ಹೆಣ್ಣುಹುಲಿಯ ಮೇಲೆ ಬಂದು ಇಲ್ಲಿನ ಗುಹೆಯಲ್ಲಿ ಧ್ಯಾನ ಮಾಡಿದರೆಂದು ನಂಬಿಕೆ. 1692ರ ಕಟ್ಟಡ 1998ರಲ್ಲಿ ಬೆಂಕಿಗೆ ತುತ್ತಾಯಿತು, ಈಗಿರುವುದು ಮರುನಿರ್ಮಾಣ. ಹೋಗಿಬರಲು ಐದಾರು ಗಂಟೆ ಇಟ್ಟುಕೊಳ್ಳಿ, ಬೆಳಿಗ್ಗೆ ಎಂಟರೊಳಗೆ ಹತ್ತಲು ಶುರುಮಾಡಿ. ಕುದುರೆ ಅರ್ಧ ದಾರಿಯವರೆಗೆ ಮಾತ್ರ, ಅದೂ ಹತ್ತುವಾಗ. ಇಳಿಯುವಾಗ ಎಲ್ಲರೂ ನಡೆಯಲೇಬೇಕು. ಮಂಡಿನೋವಿರುವ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ. ಫೋನು, ಕ್ಯಾಮೆರಾ ಬಾಗಿಲಲ್ಲೇ ಇಟ್ಟು ಒಳಗೆ ಹೋಗಬೇಕು.

7. ಅಲ್ಲಿನ ಬದುಕಿನೊಳಗೆ ಹೋಗುವುದು

ಹೊರಡುವ ಮೊದಲು ಒಂದು ಭಾನುವಾರ ಬೈಲುಕುಪ್ಪೆಗೆ ಹೋಗಿಬನ್ನಿ ಎಂಬುದು ನಮ್ಮ ಗಟ್ಟಿ ಸಲಹೆ. ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇವಾಲಯದಲ್ಲಿ ಬುದ್ಧನ ಜೊತೆಗಿರುವ ಪದ್ಮಸಂಭವರೇ ಭೂತಾನ್‌ನ ಪ್ರತಿ ಮಠದಲ್ಲೂ ನಿಮಗೆ ಸಿಗುವ ‘ಗುರು ರಿಂಪೋಚೆ’. ಅವರ ಮುಖ, ಕೈಯಲ್ಲಿನ ವಜ್ರಾಯುಧ, ಮೀಸೆ ಒಮ್ಮೆ ಗುರುತಾದರೆ ಮುಂದೆ ಯಾವ ಗೋಡೆಯೂ ಅಪರಿಚಿತ ಎನಿಸುವುದಿಲ್ಲ.

ನಡೆನುಡಿಯ ನಿಯಮಗಳು ನಮಗೆ ಕಷ್ಟವಲ್ಲ. ಸ್ತೂಪ, ಪ್ರಾರ್ಥನಾ ಚಕ್ರ ಎಲ್ಲಕ್ಕೂ ಬಲಕ್ಕೆ ಪ್ರದಕ್ಷಿಣೆ. ಝೋಂಗ್ ಒಳಗೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು. ಟೋಪಿ ತೆಗೆಯಬೇಕು, ಕೊಡೆ ಮಡಚಬೇಕು. ಗುಡಿಯೊಳಗೆ ಫೋಟೊ ಇಲ್ಲ. 2019ರಲ್ಲಿ ಭಾರತದ ಪ್ರವಾಸಿಯೊಬ್ಬರು ದೋಚುಲಾದ ಸ್ತೂಪದ ಮೇಲೆ ಬೂಟುಗಾಲಲ್ಲಿ ಹತ್ತಿ ಫೋಟೊ ತೆಗೆಸಿಕೊಂಡಾಗ ಇಡೀ ದೇಶ ನೊಂದುಕೊಂಡಿತು. ಆ ನೆನಪು ಅಲ್ಲಿ ಇನ್ನೂ ಇದೆ, ನಮ್ಮನ್ನು ನೋಡುವ ಕಣ್ಣಿನಲ್ಲೂ ಇದೆ. ರಾಜಮನೆತನದ ಬಗ್ಗೆ ತಮಾಷೆಯ ಮಾತು ಬೇಡ.

ಊಟ: ಎಮಾ ದಾತ್ಶಿ ಅಲ್ಲಿನ ನಿತ್ಯದ ಅಡುಗೆ. ಉದ್ದಕ್ಕೆ ಸೀಳಿದ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೀರಲ್ಲಿ ಬೆಂದ ಮೇಲೆ ಚೀಸ್ ಹಾಕಿ ಮುಚ್ಚುತ್ತಾರೆ. ಜೊತೆಗೆ ಕೆಂಪಕ್ಕಿ ಅನ್ನ. ‘ಖಾರ ಕಡಿಮೆ ಮಾಡಿ’ ಎಂದು ಕೇಳಿ ಪ್ರಯೋಜನವಿಲ್ಲ, ಇಲ್ಲಿ ಮೆಣಸಿನಕಾಯಿಯೇ ತರಕಾರಿ. ಖಾರ ತಡೆಯದವರು ಆಲೂಗಡ್ಡೆಯ ಕೆವಾ ದಾತ್ಶಿ, ಅಣಬೆಯ ಶಾಮು ದಾತ್ಶಿ ಹೇಳಿ. ಸಸ್ಯಾಹಾರಿಗಳು ಒಣಗಿಸಿದ ಮಾಂಸ ಹಾಕಬೇಡಿ ಎಂದು ಪ್ರತಿ ಸಲ ಹೇಳಬೇಕು. ದಾತ್ಶಿಯಲ್ಲಿ ಅದನ್ನು ಸೇರಿಸುವ ವಾಡಿಕೆ ಇದೆ. ಬೆಣ್ಣೆ, ಉಪ್ಪಿನ ಸುಜಾ ಚಹಾ ಮೊದಲ ಗುಟುಕಿಗೆ ಸಾರಿನಂತಿರುತ್ತದೆ. ಯಾರಾದರೂ ದೋಮಾ ಕೊಟ್ಟರೆ ತೆಗೆದುಕೊಳ್ಳಿ: ಎಲೆ, ಸುಣ್ಣ, ಹಸಿ ಅಡಿಕೆ. ನಮ್ಮ ಅಡಿಕೆಗಿಂತ ಬೇಗ ಬೆವರು, ತಲೆಸುತ್ತು ತರುತ್ತದೆ. ಚಿಕ್ಕ ಚೂರಿನಿಂದ ಶುರುಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಆಮದಿಗೆ ಒಪ್ಪಿದಾಗ ಮಲೆನಾಡಿನ ಬೆಳೆಗಾರರು ಆತಂಕಪಟ್ಟದ್ದು ಇದೇ ದೇಶದ ಅಡಿಕೆಗಾಗಿ.

ಬಿಲ್ಲುಗಾರಿಕೆ ಅವರ ರಾಷ್ಟ್ರೀಯ ಆಟ. ರಜಾದಿನ ಥಿಂಫುವಿನ ಚಾಂಗ್‌ಲಿಮಿಥಾಂಗ್ ಮೈದಾನದ ಬಳಿ ಹೋಗಿ ನಿಲ್ಲಿ, ಟಿಕೆಟ್ ಏನೂ ಬೇಡ. ಎರಡು ಗುರಿಹಲಗೆಗಳ ನಡುವೆ ಸುಮಾರು 140 ಮೀಟರ್. ಬಾಣ ಬರುವ ದಿಕ್ಕಿನಲ್ಲಿ, ಹಲಗೆಯ ಪಕ್ಕದಲ್ಲೇ ಆಟಗಾರರು ನಿಂತಿರುತ್ತಾರೆ, ಎದುರಾಳಿಯನ್ನು ಕೂಗಿ ಕೆಣಕುತ್ತಾರೆ. ತಮ್ಮವನ ಬಾಣ ನಾಟಿದರೆ ಸಾಲಾಗಿ ನಿಂತು ಕಾಲು ಎತ್ತಿಟ್ಟು ಹಾಡಿ ಕುಣಿಯುತ್ತಾರೆ, ಗೆದ್ದವನ ಸೊಂಟಕ್ಕೆ ಬಣ್ಣದ ವಸ್ತ್ರ ಸಿಕ್ಕಿಸುತ್ತಾರೆ. ನೀವು ಅಂಕಣದ ಬದಿಯಲ್ಲಿ ದೂರ ನಿಲ್ಲಬೇಕು. ಫೋಟೊಗಾಗಿ ನಡುವೆ ಹಾಯುವುದು ಜೀವಕ್ಕೇ ಅಪಾಯ.

ತ್ಸೆಚು ಎಂದರೆ ಗುರು ರಿಂಪೋಚೆಯವರ ನೆನಪಿನ ಮುಖವಾಡ ನೃತ್ಯದ ಹಬ್ಬ. ಪಾರೋದಲ್ಲಿ ವಸಂತಕಾಲ, ಥಿಂಫುವಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್. ತಿಥಿ ಅಲ್ಲಿನ ಚಾಂದ್ರಮಾನ ಪಂಚಾಂಗದ್ದು, ವರ್ಷ ವರ್ಷ ಬದಲಾಗುತ್ತದೆ. ದಿನಾಂಕ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಆ ದಿನಗಳಲ್ಲಿ ಹೋಟೆಲ್ ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ಪಾರೋದಲ್ಲಿ ಕೊನೆಯ ದಿನ ನಸುಕಿನಲ್ಲಿ ಥೊಂಗ್‌ಡ್ರೆಲ್ ಎಂಬ ಬೃಹತ್ ಬಟ್ಟೆಚಿತ್ರವನ್ನು ಬಿಚ್ಚಿ ತೂಗುಹಾಕಿ, ಬಿಸಿಲು ತಾಗುವ ಮೊದಲೇ ಸುತ್ತಿಬಿಡುತ್ತಾರೆ. ಎಂಟಕ್ಕೆ ತಿಂಡಿ ಮುಗಿಸಿ ಹೋದವರಿಗೆ ಅದು ಸಿಗುವುದಿಲ್ಲ. ಊರಿನವರು ನೆಲದ ಮೇಲೆ ಚಾಪೆ ಹಾಸಿ ಕೂರುತ್ತಾರೆ, ನೀವೂ ಹಾಗೆಯೇ ಕೂರಿ. ನರ್ತಕರ ವೃತ್ತದೊಳಗೆ ಕಾಲಿಡಬೇಡಿ. ಅತ್ಸರಾ ಎಂಬ ವಿದೂಷಕರು ಕಟ್ಟಿಗೆಯ ಲಿಂಗಾಕಾರ ಹಿಡಿದು ಜನರನ್ನು ಕಿಚಾಯಿಸುತ್ತಾರೆ. ಪುನಾಖಾ ಬಳಿಯ ಚಿಮಿ ಲಾಖಾಂಗ್ ಗುಡಿಯ ಸುತ್ತಲಿನ ಮನೆಗಳ ಗೋಡೆಯಲ್ಲೂ ಅದೇ ಚಿತ್ರಗಳಿವೆ. ದೃಷ್ಟಿ ನಿವಾರಣೆಗೆ, ಸಂತಾನಕ್ಕೆ ಎಂಬ ನಂಬಿಕೆಯ ಗುರುತುಗಳಿವು; ನಕ್ಕು ಸೆಲ್ಫಿ ತೆಗೆಯುವ ಮುನ್ನ ಮನೆಯವರು ಅಲ್ಲೇ ಇದ್ದಾರೆ ಎಂಬುದು ನೆನಪಿರಲಿ.

ಒಂದು ರಾತ್ರಿಯಾದರೂ ಪಾರೋ ಅಥವಾ ಫೋಬ್ಜಿಖಾದ ರೈತರ ಮನೆಯಲ್ಲಿ ಉಳಿಯಿರಿ. ಬಿಸಿಕಲ್ಲಿನ ಸ್ನಾನ ಬೇಕಿದ್ದರೆ ಮಧ್ಯಾಹ್ನವೇ ಹೇಳಬೇಕು. ಹೊಳೆಯ ಕಲ್ಲುಗಳು ಬೆಂಕಿಯಲ್ಲಿ ಕೆಂಪಾಗಲು ಗಂಟೆಗಟ್ಟಲೆ ಬೇಕು. ಆಮೇಲೆ ಮರದ ತೊಟ್ಟಿಯ ಒಂದು ಬದಿಗೆ, ಹಲಗೆಯ ಆಚೆಗೆ ಇಳಿಸುತ್ತಾರೆ, ನೀರಿಗೆ ಮಾಚಿಪತ್ರೆ ಜಾತಿಯ ಸೊಪ್ಪು ಹಾಕುತ್ತಾರೆ. ಬಿಪಿ, ಹೃದಯದ ತೊಂದರೆ ಇರುವವರು ಬಿಟ್ಟುಬಿಡಿ. ನವೆಂಬರ್‌ನಲ್ಲಿ ಹೋಗುವವರು ಫೋಬ್ಜಿಖಾವನ್ನು ತಪ್ಪಿಸಬೇಡಿ. ಟಿಬೆಟ್‌ನಿಂದ ಕಪ್ಪು ಕೊರಳಿನ ಕೊಕ್ಕರೆಗಳು ಆ ಕಣಿವೆಗೆ ಚಳಿಗಾಲ ಕಳೆಯಲು ಬರುತ್ತವೆ, ನವೆಂಬರ್ 11ರಂದು ಗಾಂಗ್‌ಟೆ ಮಠದ ಅಂಗಳದಲ್ಲಿ ಅವುಗಳ ಹೆಸರಿನ ಹಬ್ಬವಿದೆ.

8. ಹಿಂದಿರುಗುವಾಗ

ಹಳೆಯ ವಿಗ್ರಹ, ತಾಂಗ್ಕಾ (ಬಟ್ಟೆಯ ಮೇಲಿನ ಧಾರ್ಮಿಕ ಚಿತ್ರ), ಪೂಜಾ ಸಾಮಗ್ರಿ ಕೊಳ್ಳಬೇಡಿ. ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರ ಇಲ್ಲದಿದ್ದರೆ ಕಸ್ಟಮ್ಸ್ ತಡೆಯುತ್ತದೆ. ಕೈಮಗ್ಗದ ಬಟ್ಟೆ, ಕೆಂಪಕ್ಕಿ, ಕೈಯಿಂದ ಮಾಡಿದ ಕಾಗದ ತರಬಹುದು, ಬಿಲ್ ಇಟ್ಟುಕೊಳ್ಳಿ. ಉಳಿದ ಙುಲ್ಟ್ರಮ್ ಅನ್ನು ಜೈಗಾಂವ್‌ನಲ್ಲೇ ಖರ್ಚು ಮಾಡಿ, ಸಿಲಿಗುರಿಗೆ ಬಂದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಗಡಿಯಲ್ಲಿ ನಿರ್ಗಮನದ ನೋಂದಣಿ ಮಾಡಿಸದೆ ಹೊರಬರಬೇಡಿ. ಅವರ ದಾಖಲೆಯಲ್ಲಿ ನೀವು ಇನ್ನೂ ಒಳಗೇ ಇದ್ದರೆ ಮುಂದಿನ ಸಲ ಪರ್ಮಿಟ್ ಕೇಳುವಾಗ ತೊಂದರೆ ನಿಮ್ಮದೇ.